ಮಾವನ ಎಎಫ್‌ಪಿ: 612ರಿಂದ 5ಕ್ಕೆ, ನಡುವೆ ಒಂದು 41

ನಾನು ಹುಬ್ಬಳ್ಳಿಯ ಒಂದು ಲ್ಯಾಬಿನಲ್ಲಿ ಟೆಕ್ನೀಶಿಯನ್. ಹದಿನಾರು ವರ್ಷದಿಂದ ಇದೇ ಕೆಲಸ. ದಿನಾ ನೂರಾರು ಟ್ಯೂಬು ಕೈ ಮೇಲೆ ಹಾದು ಹೋಗುತ್ತವೆ. ಬಾರ್‌ಕೋಡ್ ನೋಡ್ತೀವಿ, ಮಷಿನ್‌ಗೆ ಹಾಕ್ತೀವಿ, ಹೆಸರು ಓದೋದು ಕಡಿಮೆ. ಎರಡು ವರ್ಷದ ಹಿಂದೆ ಒಂದು ಟ್ಯೂಬಿನ ಮೇಲೆ ನನ್ನ ಸೋದರಮಾವನ ಹೆಸರಿತ್ತು, ಅವತ್ತಿನಿಂದ ಎಎಫ್‌ಪಿಯಂಥ ಲಿವರ್ ಕ್ಯಾನ್ಸರ್ ರಕ್ತಪರೀಕ್ಷೆಗಳ ಅಂಕಿಗಳನ್ನು ನಾನು ನೋಡುವ ರೀತಿಯೇ ಬದಲಾಯಿತು. ಲಿವರ್ ಕ್ಯಾನ್ಸರ್ ಆಪರೇಷನ್ ಆದವರ ಮನೆಯವರು ರಿಪೋರ್ಟ್ ಹಿಡಿದು ಅಳುವುದನ್ನು ಮೊದಲೂ ನೋಡಿದ್ದೆ. ಆದರೆ ಒಂದೇ ಮನುಷ್ಯನ ರಕ್ತವನ್ನು ಮೊದಲ ದಿನದಿಂದ ಹತ್ತೊಂಬತ್ತು ತಿಂಗಳವರೆಗೆ ಬಿಡದೆ ಹಿಂಬಾಲಿಸಿದ್ದು ಇದೇ ಮೊದಲು. ಮಾವನ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ ಅಂದರು, ಬಿಟ್ಟಿದ್ದೇನೆ.

ಮಾವನಿಗೆ ಆಗ 61. ಗದಗ ಜಿಲ್ಲೆ, ಮುಳಗುಂದದ ಕಡೆ ಎರಿ ಹೊಲ. ಶೇಂಗಾ, ಉಳ್ಳಾಗಡ್ಡಿ, ಒಂದಿಷ್ಟು ಮೆಣಸಿನಕಾಯಿ. ಕುಡಿತ ಇಲ್ಲ, ತಂಬಾಕು ಇಲ್ಲ. ಬಲಗಡೆ ಪಕ್ಕೆ ಕೆಳಗೆ ಭಾರ ಭಾರ ಅನ್ನಿಸುತ್ತೆ ಅಂತ ಎರಡು ತಿಂಗಳು ಸುಮ್ನೆ ಇದ್ದರು. ಪಂಚೆ ಸಡಿಲ ಆಗ್ತಿದೆ ಅಂತ ಅತ್ತಿ ಹೇಳಿದ ಮೇಲೆ ಗದಗಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದ್ದು. ಅಲ್ಲಿಂದ ಹುಬ್ಬಳ್ಳಿಗೆ ಬಂದರು. ಸಿಟಿ ಸ್ಕ್ಯಾನ್ ಆಯ್ತು. ಲಿವರ್‌ನ ಬಲಭಾಗದಲ್ಲಿ ಐದೂವರೆ ಸೆಂಟಿಮೀಟರ್ ಗಡ್ಡೆ. ಸ್ಕ್ಯಾನ್‌ಗೆಂದು ನರಕ್ಕೆ ಕೊಟ್ಟ ಔಷಧಿ ಹರಿದ ಮೊದಲ ಹಂತದಲ್ಲಿ ಬೆಳ್ಳಗೆ ಹೊಳೆದು, ಆಮೇಲೆ ಸುತ್ತಲಿನ ಲಿವರ್‌ಗಿಂತ ಕಪ್ಪಾಗುವ ಗಡ್ಡೆ. ಹೆಪಟೈಟಿಸ್ ಬಿ ಇದ್ದವರಲ್ಲಿ ಈ ಚಿತ್ರ ಕಂಡರೆ ಸಾಮಾನ್ಯವಾಗಿ ಸೂಜಿ ಚುಚ್ಚಿ ತುಣುಕು ತೆಗೆಯದೇನೇ ಲಿವರ್ ಕ್ಯಾನ್ಸರ್ ಅಂತ ಹೇಳಬಹುದು. ಮಾವನಿಗೆ ಹೆಪಟೈಟಿಸ್ ಬಿ ಇತ್ತು. ಎಷ್ಟು ವರ್ಷದಿಂದ ಇತ್ತೋ ದೇವರಿಗೇ ಗೊತ್ತು, ಒಮ್ಮೆಯೂ ಪರೀಕ್ಷೆ ಮಾಡಿಸಿರಲಿಲ್ಲ.

ನನ್ನ ಕೈಗೆ ಬಂದ ಮೊದಲ ಟ್ಯೂಬಿನ ಲೆಕ್ಕ ಇದು. ಎಎಫ್‌ಪಿ 612 ನ್ಯಾನೊಗ್ರಾಂ. ಪಿವ್ಕಾ 1480. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ 0.9, ಲಿವರ್ ಮಾಡುವ ಪ್ರೋಟೀನ್ ಆಲ್ಬುಮಿನ್ 3.6, ಪ್ಲೇಟ್‌ಲೆಟ್ 1 ಲಕ್ಷ 52 ಸಾವಿರ, ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಅಂತ ಹೇಳುವ ಐಎನ್‌ಆರ್ 1.1, ಲಿವರ್ ಕೋಶ ಹಾಳಾದಾಗ ಏರುವ ಎಸ್‌ಜಿಪಿಟಿ 58.

ಎಎಫ್‌ಪಿ ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಲಿವರ್ ತಯಾರಿಸುವ ಒಂದು ಪ್ರೋಟೀನ್. ಹುಟ್ಟಿದ ಮೇಲೆ ಕಡಿಮೆಯಾಗುತ್ತಾ ಬಂದು ದೊಡ್ಡವರಲ್ಲಿ 10ರ ಒಳಗೆ ಇರುತ್ತದೆ. ಲಿವರ್‌ನ ಜೀವಕೋಶ ಕ್ಯಾನ್ಸರ್ ಆದಾಗ ಮರೆತ ಕೆಲಸವನ್ನು ಮತ್ತೆ ಶುರು ಮಾಡುತ್ತದೆ. 1963ರಲ್ಲಿ ಮಾಸ್ಕೋದ ಅಬೆಲೆವ್ ಇದನ್ನು ಇಲಿಗಳಲ್ಲಿ ಕಂಡರು, ಮರುವರ್ಷ ತತಾರಿನೋವ್ ರೋಗಿಯ ರಕ್ತದಲ್ಲಿ ಕಂಡರು. ಅರವತ್ತು ವರ್ಷ ಆದರೂ ಇದರ ಮೇಲೇ ಜಾಸ್ತಿ ಭಾರ ಹಾಕ್ತೀವಿ. ಆದರೆ ಲಿವರ್ ಕ್ಯಾನ್ಸರ್ ಇದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇದು ಏರುವುದೇ ಇಲ್ಲ. ಅದಕ್ಕೇ ಪಿವ್ಕಾ ಜೊತೆಗಿರಬೇಕು. ರಕ್ತ ಹೆಪ್ಪುಗಟ್ಟಲು ಲಿವರ್ ಮಾಡುವ ಪ್ರೋಥ್ರಾಂಬಿನ್, ವಿಟಮಿನ್ ಕೆ ಕೆಲಸ ಪೂರ್ತಿ ಆಗದೆ ಅರೆಬರೆಯಾಗಿ ಹೊರಬಂದರೆ ಅದೇ ಪಿವ್ಕಾ. ನಲವತ್ತರ ಒಳಗಿದ್ದರೆ ಸಾಮಾನ್ಯ. ವಾರ್ಫರಿನ್ ಗುಳಿಗೆ ತಗೊಳ್ಳುವವರಲ್ಲಿ, ಪಿತ್ತನಾಳ ಕಟ್ಟಿ ಕಾಮಾಲೆ ಆದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಮಾವನಿಗೆ ಅವೆರಡೂ ಇರಲಿಲ್ಲ. ನಮ್ಮ ಲ್ಯಾಬಿನಲ್ಲಿ ಈ ಪರೀಕ್ಷೆ ಆಗುವುದಿಲ್ಲ, ಸೀರಂ ತಣ್ಣಗೆ ಪ್ಯಾಕ್ ಮಾಡಿ ಹೊರಗೆ ಕಳಿಸ್ತೀವಿ. 1480 ಅಂತ ಬಂದಾಗ ಸರ್ಜನ್ ಒಂದು ಮಾತು ಹೇಳಿದರು: ಪಿವ್ಕಾ ಇಷ್ಟು ಇದ್ದರೆ ಗಡ್ಡೆ ಸಣ್ಣ ಸಣ್ಣ ರಕ್ತನಾಳದ ಒಳಗೆ ಇಳಿದಿರುವ ಸಾಧ್ಯತೆ ಜಾಸ್ತಿ, ಸ್ಕ್ಯಾನ್‌ನಲ್ಲಿ ಅದು ಕಾಣುವುದಿಲ್ಲ, ತೆಗೆದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡೋಣ.

ಆಪರೇಷನ್ ಮಾಡಬಹುದಾ ಅನ್ನೋದು ಮೊದಲ ಪ್ರಶ್ನೆ. ಕ್ಯಾನ್ಸರ್ ಎಷ್ಟು ದೊಡ್ಡದು ಅನ್ನುವುದರಷ್ಟೇ ಉಳಿಯುವ ಲಿವರ್ ಎಷ್ಟು ಗಟ್ಟಿ ಅನ್ನುವುದೂ ಮುಖ್ಯ. ಹಳೆಯ ಚೈಲ್ಡ್-ಪ್ಯೂ ಲೆಕ್ಕದಲ್ಲಿ ಮಾವನಿಗೆ 5 ಅಂಕ, ಅಂದರೆ ಅತ್ಯುತ್ತಮ ವರ್ಗ. ಆದರೆ 2015ರಲ್ಲಿ ಫಿಲಿಪ್ ಜಾನ್ಸನ್ ಮತ್ತು ಸಂಗಡಿಗರು ಕೊಟ್ಟ ಆಲ್ಬಿ ಅನ್ನುವ ಲೆಕ್ಕ ಇದೆ, ಬಿಲಿರುಬಿನ್ ಮತ್ತು ಆಲ್ಬುಮಿನ್ ಎರಡೇ ಸಾಕು. ಬಿಲಿರುಬಿನ್ ಅನ್ನು ಮೈಕ್ರೊಮೋಲ್‌ಗೆ ತಿರುಗಿಸಿ ಅದರ ಲಾಗ್ ತೆಗೆದು 0.66ರಿಂದ ಗುಣಿಸಬೇಕು, ಲೀಟರಿಗೆ ಎಷ್ಟು ಗ್ರಾಂ ಆಲ್ಬುಮಿನ್ ಇದೆಯೋ ಅದನ್ನು 0.085ರಿಂದ ಗುಣಿಸಿ ಕಳೆಯಬೇಕು. ಮಾವನದು ಮೈನಸ್ 2.28 ಬಂತು. ಮೈನಸ್ 2.60 ಅಥವಾ ಅದಕ್ಕಿಂತ ಕೆಳಗಿದ್ದರೆ ಮೊದಲ ದರ್ಜೆ, ಅಲ್ಲಿಂದ ಮೈನಸ್ 1.39ರವರೆಗೆ ಎರಡನೆಯದು. ಚೈಲ್ಡ್-ಪ್ಯೂ ಅತ್ಯುತ್ತಮ ವರ್ಗ ಕೊಟ್ಟ ಲಿವರ್‌ಗೆ ಆಲ್ಬಿ ಎರಡನೇ ದರ್ಜೆ ಕೊಟ್ಟಿತು. ಈ ವ್ಯತ್ಯಾಸವನ್ನು ಸರ್ಜನ್ ಗಂಭೀರವಾಗಿ ತಗೊಂಡರು. ಬಲಭಾಗ ಪೂರ್ತಿ ತೆಗೆಯುವ ಬದಲು ಗಡ್ಡೆ ಇರುವ ಎರಡು ಖಂಡ ಮಾತ್ರ ತೆಗೆಯುವುದು ಅಂತ ತೀರ್ಮಾನ ಆಯ್ತು. ಆರೋಗ್ಯವಂತ ಲಿವರ್ ಆದರೆ ಮುಕ್ಕಾಲು ಭಾಗದ ಹತ್ತಿರ ತೆಗೆದರೂ ಬೆಳೆದುಕೊಳ್ಳುತ್ತದೆ. ವರ್ಷಗಟ್ಟಲೆ ವೈರಸ್ ತಿಂದ ಲಿವರ್‌ಗೆ ಆ ಶಕ್ತಿ ಇರುವುದಿಲ್ಲ.

ಇನ್ನೊಂದು ಅಂಕಿ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸಿತ್ತು. ರಕ್ತಕಣ ಎಣಿಸುವ ಸಿಬಿಸಿ ಪರೀಕ್ಷೆಯಲ್ಲಿ, ನೂರು ಬಿಳಿ ರಕ್ತಕಣಗಳಲ್ಲಿ ನ್ಯೂಟ್ರೋಫಿಲ್ 71, ಲಿಂಫೋಸೈಟ್ 19. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 3.7. ಈ ಅನುಪಾತ ಜಾಸ್ತಿ ಇದ್ದವರಲ್ಲಿ ಆಪರೇಷನ್ ನಂತರ ರೋಗ ಮರಳುವುದು ಜಾಸ್ತಿ ಅಂತ ಎಷ್ಟೋ ಅಧ್ಯಯನಗಳಲ್ಲಿದೆ, ಹಾಗಾಗಿ ನನಗೆ ಹೆದರಿಕೆ ಆಯ್ತು. ಆದರೆ ಮಾವ ಅವತ್ತು ಕುಂಟುತ್ತಾ ಬಂದಿದ್ದರು. ಹುಬ್ಬಳ್ಳಿ ಸ್ಟೇಷನ್ನಿನ ಆ ಒಂದೂವರೆ ಕಿಲೋಮೀಟರ್ ಪ್ಲಾಟ್‌ಫಾರ್ಮ್‌ನಲ್ಲಿ ಅತ್ತಿ ಸ್ಕ್ಯಾನ್ ಫಿಲ್ಮಿನ ಚೀಲ ಹಿಡಿದು ಮುಂದೆ, ಇವರು ಹಿಂದೆ. ಚಪ್ಪಲಿ ತೆಗೆಸಿ ನೋಡಿದರೆ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೀವು ತುಂಬಿತ್ತು. ನ್ಯೂಟ್ರೋಫಿಲ್ ಏರಲು ಅಷ್ಟು ಸಾಕು. ಮುಳ್ಳು ತೆಗೆಸಿ, ಗಾಯ ಮಾಯ್ದ ಮೇಲೆ ಮತ್ತೆ ಮಾಡಿದಾಗ 2.3. ಕ್ಯಾನ್ಸರ್ ಒಂದು ಮಿಲಿಮೀಟರ್ ಕೂಡ ಬದಲಾಗಿರಲಿಲ್ಲ. ಈ ಅನುಪಾತವನ್ನು ಒಂಟಿಯಾಗಿ ನಂಬಬಾರದು ಅನ್ನುವುದಕ್ಕೆ ನನಗೆ ಬೇರೆ ಪುರಾವೆ ಬೇಕಿಲ್ಲ.

ಆಪರೇಷನ್ಗೆ ಮೊದಲೇ ಟೆನೊಫೋವಿರ್ ಶುರು ಮಾಡಿದರು. ಇದು ಹೆಪಟೈಟಿಸ್ ಬಿ ವೈರಸ್ ಹತ್ತಿಕ್ಕುವ ಗುಳಿಗೆ, ದಿನಕ್ಕೊಂದು. ಈ ಗುಳಿಗೆ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ದೀಪಾವಳಿ ಆದ ಮರುವಾರ ಆಪರೇಷನ್. ಆಮೇಲಿನ ಐದು ದಿನ ಎಎಫ್‌ಪಿಯನ್ನು ಯಾರೂ ಕೇಳುವುದಿಲ್ಲ. ಆಗ ನೋಡುವುದು ಉಳಿದ ಲಿವರ್ ಬದುಕುತ್ತಾ ಅಂತ. ಬಿಲಿರುಬಿನ್ ಮತ್ತು ಐಎನ್‌ಆರ್, ಎರಡೇ. 2005ರಲ್ಲಿ ಫ್ರಾನ್ಸಿನ ವೈದ್ಯರು ಏಳುನೂರಕ್ಕೂ ಹೆಚ್ಚು ಲಿವರ್ ಆಪರೇಷನ್ಗಳನ್ನು ನೋಡಿ 50-50 ಅನ್ನುವ ನಿಯಮ ಹೇಳಿದ್ದರು. ಐದನೇ ದಿನ ಬಿಲಿರುಬಿನ್ 50 ಮೈಕ್ರೊಮೋಲ್, ಅಂದರೆ ನಮ್ಮ ಲೆಕ್ಕದಲ್ಲಿ 2.9 ದಾಟಿ, ಪ್ರೋಥ್ರಾಂಬಿನ್ ಶೇಕಡಾ 50ಕ್ಕಿಂತ ಕೆಳಗೆ ಇದ್ದರೆ, ಎರಡೂ ಒಟ್ಟಿಗೆ ಇದ್ದರೆ, ಅಂಥವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯುವುದಿಲ್ಲ.

ಮೊದಲ ದಿನ ಮಾವನ ಬಿಲಿರುಬಿನ್ 2.1, ಐಎನ್‌ಆರ್ 1.6. ಇದು ನಿರೀಕ್ಷೆ ಇದ್ದದ್ದೇ. ಮೂರನೇ ದಿನ ಬಿಲಿರುಬಿನ್ 2.6 ಬಂತು, ಐಎನ್‌ಆರ್ 2.4. ನನ್ನ ಕೈ ತಣ್ಣಗಾಯಿತು. ಫೋನ್ ಮಾಡುವ ಮೊದಲು ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದೆ. ನೀಲಿ ಮುಚ್ಚಳದ ಟ್ಯೂಬ್ ಅದು, ಅದರಲ್ಲಿ ಮೊದಲೇ ಸಿಟ್ರೇಟ್ ದ್ರಾವಣ ಇರುತ್ತದೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು. ಗೆರೆವರೆಗೆ ರಕ್ತ ತುಂಬಬೇಕು. ಮಾವನ ಟ್ಯೂಬಿನಲ್ಲಿ ರಕ್ತ ಅರ್ಧಕ್ಕಿಂತ ಒಂದು ಬೆರಳು ಮೇಲಿತ್ತು, ಅಷ್ಟೇ. ರಕ್ತ ಕಡಿಮೆಯಾದರೆ ಸಿಟ್ರೇಟ್ ಪಾಲು ಜಾಸ್ತಿಯಾಗುತ್ತದೆ, ಹೆಪ್ಪುಗಟ್ಟಲು ಸಮಯ ಹೆಚ್ಚು ಹಿಡಿಯುತ್ತದೆ, ಐಎನ್‌ಆರ್ ಸುಳ್ಳು ಸುಳ್ಳೇ ಏರುತ್ತದೆ. ಕೈಯ ನರ ಸಿಗದೆ ನರ್ಸ್ ಎರಡು ಸಲ ಚುಚ್ಚಿ ಸಿಕ್ಕಷ್ಟು ತೆಗೆದು ಕಳಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಮತ್ತೆ ತೆಗೆಸಿದೆವು. 1.5. ಐದನೇ ದಿನ ಬಿಲಿರುಬಿನ್ 1.9, ಐಎನ್‌ಆರ್ 1.3. ಎರಡೂ ಇಳಿಜಾರಿನಲ್ಲಿದ್ದವು. ಒಂಬತ್ತನೇ ದಿನ ಮನೆಗೆ ಹೋದರು.

ಅರ್ಧ ತುಂಬಿದ ಟ್ಯೂಬನ್ನು ತೆಗೆದುಕೊಳ್ಳಲೇಬಾರದು, ವಾಪಸ್ ಕಳಿಸಬೇಕು. ಗದ್ದಲದಲ್ಲಿ ಒಮ್ಮೊಮ್ಮೆ ಮಷಿನ್‌ಗೆ ಹೋಗಿಬಿಡುತ್ತದೆ. ಆ 2.4 ಹಾಗೇ ವಾರ್ಡಿಗೆ ಹೋಗಿದ್ದರೆ ಬೇಡದ ಪ್ಲಾಸ್ಮಾ ಏರಿಸುತ್ತಿದ್ದರೇನೋ.

ಬಯಾಪ್ಸಿ ರಿಪೋರ್ಟ್ ಹದಿನೈದನೇ ದಿನ ಬಂತು. ಗಡ್ಡೆ ಪೂರ್ತಿ ಹೊರಬಂದಿದೆ, ಅಂಚು ಚೊಕ್ಕಟ. ಆದರೆ ಸೂಕ್ಷ್ಮ ರಕ್ತನಾಳಗಳಲ್ಲಿ ಕ್ಯಾನ್ಸರ್ ಕೋಶಗಳಿವೆ. ಪಿವ್ಕಾ ಸೂಚಿಸಿದ್ದು ನಿಜವಾಗಿತ್ತು. ಲಿವರ್ ಕ್ಯಾನ್ಸರ್ ಆಪರೇಷನ್ ಆದವರಲ್ಲಿ ಐದು ವರ್ಷದೊಳಗೆ ನೂರಕ್ಕೆ ಎಪ್ಪತ್ತರವರೆಗೆ ಜನರಿಗೆ ರೋಗ ಮರಳುತ್ತದೆ. ಎರಡು ವರ್ಷದೊಳಗೆ ಮರಳುವುದು ಬಹುಪಾಲು ಹೀಗೆ ನಾಳಗಳಲ್ಲಿ ಉಳಿದ ಕೋಶಗಳಿಂದ. ಆಮೇಲೆ ಬರುವುದು ಹೆಚ್ಚಾಗಿ ಹಾಳಾದ ಲಿವರ್‌ನಲ್ಲೇ ಹೊಸದಾಗಿ ಹುಟ್ಟುವ ಗಡ್ಡೆ. ಇದನ್ನು ಮಾವನಿಗೆ ನಾನೇ ಹೇಳಿದೆ. ಮುಚ್ಚಿಡೋಣ ಅಂತ ಅಮ್ಮ ಹೇಳಿದ್ದರು. ಮೂರು ತಿಂಗಳಿಗೊಮ್ಮೆ ರಕ್ತ ಕೊಡಬೇಕಾದ ಮನುಷ್ಯನಿಗೆ ಯಾಕೆ ಅಂತ ಗೊತ್ತಿರಬೇಕು ಅಲ್ವಾ.

ಇಪ್ಪತ್ತೆಂಟನೇ ದಿನ ಮಾವ ಹುಬ್ಬಳ್ಳಿಗೆ ಬರಲು ಆಗದೆ ಗದಗಿನಲ್ಲೇ ಎಎಫ್‌ಪಿ ಕೊಟ್ಟರು. ರಾತ್ರಿ ಒಂಬತ್ತಕ್ಕೆ ಅತ್ತಿಯ ಫೋನ್. ಅಳುತ್ತಿದ್ದರು. "ತಮ್ಮಾ, ರಿಪೋರ್ಟಿನ್ಯಾಗ 18 ಬಂದೈತಿ, ಬಾಜೂಕ ಹೆಚ್ಚ ಅಂತ ಗುರ್ತ ಹಾಕ್ಯಾರ. ಗಡ್ಡಿ ಇನ್ನೂ ಉಳದಿರಬೇಕು ಅಂತ ಅಲ್ಲಿ ಒಬ್ಬಾಂವ ಅಂದ." ವಾಟ್ಸಾಪಿನಲ್ಲಿ ಫೋಟೊ ತರಿಸಿಕೊಂಡೆ. ಮೊದಲ ವಿಷಯ, ಆ ರಿಪೋರ್ಟಿನ ಅಳತೆ ಬೇರೆ, ಅದು ಅಂತಾರಾಷ್ಟ್ರೀಯ ಯೂನಿಟ್‌ನಲ್ಲಿತ್ತು. 1.21ರಿಂದ ಗುಣಿಸಿದರೆ ನಮ್ಮ ನ್ಯಾನೊಗ್ರಾಂ, ಸುಮಾರು 22. ಎರಡನೆಯದು ಇನ್ನೂ ಮುಖ್ಯ. ಗಡ್ಡೆ ತೆಗೆದ ತಕ್ಷಣ ಎಎಫ್‌ಪಿ ಮಾಯ ಆಗುವುದಿಲ್ಲ. ರಕ್ತದಲ್ಲಿ ಈಗಾಗಲೇ ಇರುವುದು ಕರಗಬೇಕು, ಐದರಿಂದ ಏಳು ದಿನಕ್ಕೆ ಅರ್ಧ ಆಗುತ್ತದೆ. ಆರು ದಿನ ಅಂತ ಹಿಡಿಯಿರಿ. 612, ಆರನೇ ದಿನ 306, ಹನ್ನೆರಡಕ್ಕೆ 153, ಹದಿನೆಂಟಕ್ಕೆ 77, ಇಪ್ಪತ್ತನಾಲ್ಕಕ್ಕೆ 38, ಮೂವತ್ತಕ್ಕೆ 19. ಇಪ್ಪತ್ತೆಂಟನೇ ದಿನ 22 ಅಂದರೆ ಇಳಿಯಬೇಕಾದ ದಾರಿಯಲ್ಲೇ ಇಳಿಯುತ್ತಿದೆ. ಪಿವ್ಕಾ ಇನ್ನೂ ಬೇಗ ಕರಗುತ್ತದೆ, ಎರಡು ಮೂರು ದಿನಕ್ಕೆ ಅರ್ಧ. ಅದೇ ವಾರ ಅದು 27 ಇತ್ತು.

ಫೋನಿನಲ್ಲಿ ಎಷ್ಟು ಹೇಳಿದರೂ ಅತ್ತಿಯ ಮನಸ್ಸಿಗೆ ಸಮಾಧಾನ ಆಗಲಿಲ್ಲ. ಭಾನುವಾರ ಊರಿಗೆ ಹೋದೆ. ಮೊಮ್ಮಗಳ ಗಣಿತದ ಗ್ರಾಫ್ ಹಾಳೆ ತಗೊಂಡು, ಎಡಗಡೆ ಮೇಲಿನಿಂದ ಕೆಳಕ್ಕೆ ಒಂದೊಂದು ಗೆರೆಗೆ ಅರ್ಧ ಅರ್ಧ ಮಾಡುತ್ತಾ 640, 320, 160, 80, 40, 20, 10, 5 ಅಂತ ಬರೆದೆ. ಅಡ್ಡಕ್ಕೆ ದಿನಗಳು. ಮೊದಲ ದಿನದ ಚುಕ್ಕೆ, ಇಪ್ಪತ್ತೆಂಟನೇ ದಿನದ ಚುಕ್ಕೆ ಇಟ್ಟು ಸ್ಕೇಲಿನಿಂದ ಗೆರೆ ಎಳೆದೆ. ಗೆರೆ ಹೀಗೇ ನೇರ ಇಳಿದರೆ ಒಳ್ಳೆಯದು, ನಡುವೆ ಮಲಗಿಬಿಟ್ಟರೆ ಅಥವಾ ತಲೆ ಎತ್ತಿದರೆ ಮಾತ್ರ ಚಿಂತೆ ಅಂದೆ. ಮಾವ ಹಾಳೆಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬೆರಳಿನಿಂದ ಗೆರೆ ಸವರಿದರು. "ಅಂದ್ರ ಎಷ್ಟೈತಿ ಅನ್ನೂದಲ್ಲ, ಎತ್ತಾಗ ಹೊಂಟೈತಿ ಅನ್ನೂದು ನೋಡಬೇಕು." ಹೌದು ಮಾವ, ಅದನ್ನೇ.

ಅರವತ್ತನೇ ದಿನ 4.9. ನಾಲ್ಕನೇ ತಿಂಗಳು 5.2, ಸಿಟಿಯಲ್ಲಿ ಏನೂ ಇಲ್ಲ.

ಏಳನೇ ತಿಂಗಳು, ಮಿರಗದ ಮಳೆ ಬಿದ್ದು ಬಿತ್ತನೆ ನಡೆಯುತ್ತಿತ್ತು, ಎಎಫ್‌ಪಿ 41.

ನಾನು ಅದನ್ನು ನೋಡಿ ಕೂತುಬಿಟ್ಟೆ. ಬಯಾಪ್ಸಿಯ ಆ ಸಾಲು ನೆನಪಾಯಿತು. ಅದೇ ಸೀರಂ ಮತ್ತೆ ಓಡಿಸಿದೆ, 40. ಮಷಿನ್ ತಪ್ಪಲ್ಲ. ಬಯೋಟಿನ್ ಇರುವ ವಿಟಮಿನ್ ಗುಳಿಗೆ ಜಾಸ್ತಿ ತಗೊಂಡರೆ ಕೆಲವು ಕಿಟ್‌ಗಳಲ್ಲಿ ಇಂಥ ಅಂಕಿ ಕೆಡುತ್ತದೆ, ಆದರೆ ಅಲ್ಲಿ ಕಡಿಮೆ ತೋರಿಸುತ್ತದೆ, ಜಾಸ್ತಿ ಅಲ್ಲ. ಆಮೇಲೆ ಉಳಿದ ಸಾಲುಗಳನ್ನು ಓದಿದೆ. ಮೊದಲು ಓದಬೇಕಿತ್ತು. ನಾಲ್ಕನೇ ತಿಂಗಳು 34 ಇದ್ದ ಎಸ್‌ಜಿಪಿಟಿ ಈಗ 236. ಬಿಲಿರುಬಿನ್ 1.6. ಕ್ಯಾನ್ಸರ್ ಸಣ್ಣದಾಗಿ ಮರಳಿದರೆ ಎಸ್‌ಜಿಪಿಟಿ ಹೀಗೆ ಏಳು ಪಟ್ಟು ಹಾರುವುದಿಲ್ಲ. ಲಿವರ್ ಉರಿಯುತ್ತಿದೆ ಅಂದರೆ ಹಾರುತ್ತದೆ. ಉರಿದ ಲಿವರ್ ಮತ್ತೆ ಕಟ್ಟಿಕೊಳ್ಳುವಾಗಲೂ ಎಎಫ್‌ಪಿ ಏರುತ್ತದೆ.

ಫೋನ್ ಮಾಡಿದೆ. "ಮಾವ, ಗುಳಿಗಿ ತಗೋತೀರಿಲ್ರೀ ದಿನಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಯುಗಾದಿ ಆದಮ್ಯಾಲ ಬಿಟ್ಟೇನಪಾ. ಗಡ್ಡಿ ತಗದಾರ, ರಿಪೋರ್ಟ್ ಎಲ್ಲಾ ಚೊಲೊ ಬಂದೈತಿ, ಮತ್ಯಾಕ ಗುಳಿಗಿ ಅಂತ. ಮೈಗೆ ಉಷ್ಣ ಆಕ್ಕೈತಿ ಅಂತನೂ ಯಾರೋ ಅಂದ್ರು." ಎರಡೂವರೆ ತಿಂಗಳು.

ಸಿಟ್ಟು ಬಂತು, ಆದರೆ ಅವರ ಮೇಲೆ ಅಲ್ಲ. ಗಡ್ಡೆ ತೆಗೆಯುವುದು ಬೇರೆ, ವೈರಸ್ ಅಡಗಿಸುವುದು ಬೇರೆ ಅಂತ ಡಿಸ್ಚಾರ್ಜ್ ದಿನ ಅವರಿಗೆ ಅರ್ಥ ಆಗುವ ಹಾಗೆ ಕೂತು ಹೇಳಿದವರು ಯಾರೂ ಇಲ್ಲ. ನಾನೂ ಗ್ರಾಫ್ ಎಳೆದುಕೊಟ್ಟೆ, ಗುಳಿಗೆ ಬಗ್ಗೆ ಒಂದು ಮಾತು ಕೇಳಲಿಲ್ಲ.

ಕಾರಣ ಸಿಕ್ಕಿತು ಅಂತ ಸರ್ಜನ್ ಅಲ್ಲಿಗೇ ಬಿಡಲಿಲ್ಲ, ಅದು ಸರಿ ಕೂಡ. ಎರಡೂ ಒಟ್ಟಿಗೆ ಇರಬಹುದಲ್ವಾ. ಮರುದಿನವೇ ಎಂಆರ್‌ಐ, ಹೊಸ ಗಡ್ಡೆ ಇಲ್ಲ. ಪಿವ್ಕಾ 26, ಅದು ಕದಲಿರಲಿಲ್ಲ. ವೈರಸ್ ಲೆಕ್ಕ ಲಕ್ಷಗಳಲ್ಲಿ ಬಂತು, ಆಪರೇಷನ್ ನಂತರ ಅದು ಪತ್ತೆಯಾಗದ ಮಟ್ಟಕ್ಕೆ ಇಳಿದಿತ್ತು. ಎಎಫ್‌ಪಿ ಏರಿದೆ, ಪಿವ್ಕಾ ಸುಮ್ಮನಿದೆ, ಎಸ್‌ಜಿಪಿಟಿ ಹಾರಿದೆ, ಸ್ಕ್ಯಾನ್ ಚೊಕ್ಕಟ. ನಾಲ್ಕನ್ನೂ ಅಕ್ಕಪಕ್ಕ ಇಟ್ಟ ಮೇಲೆಯೇ ಅದು ಹೆಪಟೈಟಿಸ್ ಮತ್ತೆ ಕೆರಳಿದ್ದು ಅಂತ ಹೇಳಲು ಧೈರ್ಯ ಬಂದದ್ದು. 41 ಒಂದನ್ನೇ ನೋಡಿದ್ದರೆ ಯಾರೂ ಹೇಳಲು ಆಗುತ್ತಿರಲಿಲ್ಲ. ಇದು ಎಲ್ಲರಿಗೂ ಹೀಗೇ ಇರುತ್ತದೆ ಅಂತ ದಯವಿಟ್ಟು ತಿಳಿಯಬೇಡಿ. ಎಸ್‌ಜಿಪಿಟಿ ಸರಿ ಇದ್ದು ಎಎಫ್‌ಪಿ ಒಂದೇ ತಿಂಗಳು ತಿಂಗಳು ಏರುತ್ತಿದ್ದರೆ, ಅದರಲ್ಲೂ ಪಿವ್ಕಾ ಜೊತೆಗೆ ಏರಿದರೆ, ರೋಗ ಮರಳಿದೆ ಅಂತಲೇ ಹಿಡಿದು ಹುಡುಕಬೇಕು.

ಟೆನೊಫೋವಿರ್ ಅವತ್ತೇ ಮತ್ತೆ ಶುರು. ಪಂಚಮಿ ಹೊತ್ತಿಗೆ ಎಎಫ್‌ಪಿ 17, ಎಸ್‌ಜಿಪಿಟಿ 88. ಗಣಪತಿ ಹಬ್ಬ ಕಳೆದ ಮೇಲೆ 6.1 ಮತ್ತು 36. ಒಂದು ವರ್ಷಕ್ಕೆ 5. ಈ ಗುಳಿಗೆಗೆ ದುಡ್ಡಿನ ತೊಂದರೆ ಅಂತ ಬಿಡುವವರೂ ಇದ್ದಾರೆ, ಅವರಿಗಾಗಿ ಹೇಳುತ್ತೇನೆ: 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ.

ಆ ಜೂನ್ ತಿಂಗಳ ಹೆದರಿಕೆಯಿಂದ ಇನ್ನೊಂದು ಕೆಲಸ ಆಯ್ತು. ಅಮ್ಮ, ಇಬ್ಬರು ಚಿಕ್ಕಮ್ಮಂದಿರು, ಮಾವನ ಮಕ್ಕಳು, ಮೊಮ್ಮಕ್ಕಳು, ಎಲ್ಲರ ರಕ್ತ ಒಂದೇ ಬೆಳಗ್ಗೆ ಊರಿನ ಪಡಸಾಲೆಯಲ್ಲಿ ಕೂತು ತೆಗೆದೆ. ಚಿಕ್ಕ ಚಿಕ್ಕಮ್ಮನಿಗೆ ಹೆಪಟೈಟಿಸ್ ಬಿ ಇತ್ತು. 54 ವರ್ಷ, ಏನೂ ತೊಂದರೆ ಇಲ್ಲದೆ ಓಡಾಡಿಕೊಂಡಿದ್ದರು. ಈಗ ಅವರೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಎಎಫ್‌ಪಿ ಮಾಡಿಸುತ್ತಾರೆ. ಉಳಿದ ದೊಡ್ಡವರಿಗೆ ಲಸಿಕೆ ಹಾಕಿಸಿದೆವು. ಅವತ್ತೇ ಅತ್ತಿ ಅಟ್ಟದ ಮೇಲಿನ ಹಳೇ ಶೇಂಗಾ ಚೀಲ ಕೆಳಗಿಳಿಸಿದರು. ಬೀಜಕ್ಕೆ ಹಸಿರು ಬೂಷ್ಟು ಹಿಡಿದಿತ್ತು. ಆರಿಸಿ ಶೇಂಗಾ ಹಿಂಡಿ (ಚಟ್ನಿಪುಡಿ) ಕುಟ್ಟಬಹುದು ಅಂತ ಇಟ್ಟಿದ್ದರಂತೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ, ಹೆಪಟೈಟಿಸ್ ಬಿ ಇದ್ದವರ ಲಿವರ್‌ಗೆ ಇದು ಸೇರಿದರೆ ಕ್ಯಾನ್ಸರ್ ಅಪಾಯ ಹತ್ತಾರು ಪಟ್ಟು ಏರುತ್ತದೆ. ಚೀಲ ಪೂರ್ತಿ ಗುಂಡಿಗೆ ಹೋಯಿತು, ದನಕ್ಕೂ ಹಾಕಲಿಲ್ಲ.

ಮೊನ್ನೆ ಹತ್ತೊಂಬತ್ತನೇ ತಿಂಗಳ ರಕ್ತ. ಎಎಫ್‌ಪಿ 5.4, ಪಿವ್ಕಾ 25, ಎಸ್‌ಜಿಪಿಟಿ 29, ಆಲ್ಬುಮಿನ್ 4.1, ಬಿಲಿರುಬಿನ್ 0.8. ಆಲ್ಬಿ ಲೆಕ್ಕ ಹಾಕಿದರೆ ಮೈನಸ್ 2.74, ಮೊದಲ ದರ್ಜೆ. ಎರಡು ವರ್ಷಕ್ಕೆ ಇನ್ನೂ ಐದು ತಿಂಗಳಿದೆ, ನಾಳಗಳೊಳಗೆ ಕೋಶ ಕಂಡಿದ್ದು ಕಂಡಿದ್ದೇ, ಹಾಗಾಗಿ ಸ್ಕ್ಯಾನ್ ತಪ್ಪಿಸುವಂತಿಲ್ಲ. ರಕ್ತ ಯಾವಾಗಲೂ ನಮ್ಮ ಲ್ಯಾಬಿನಲ್ಲೇ, ಒಂದೇ ಕಿಟ್‌ನಲ್ಲಿ. ಗ್ರಾಫ್ ಹಾಳೆ ಬಲಗಡೆ ಮುಗಿದಿತ್ತು, ಅತ್ತಿ ಅನ್ನದ ಅಗುಳು ಹಚ್ಚಿ ಇನ್ನೊಂದು ಹಾಳೆ ಅಂಟಿಸಿಕೊಂಡು ತಂದಿದ್ದರು. ಚುಕ್ಕೆ ಈಗ ಮಾವನೇ ಇಡುತ್ತಾರೆ. ಎಎಫ್‌ಪಿಯದು ಪೆನ್ಸಿಲ್, ಎಸ್‌ಜಿಪಿಟಿಯದು ಕೆಂಪು ಪೆನ್ನು, ಅದರ ಕೆಳಗೆ ತಿಂಗಳಿಗೊಂದು ಅಡ್ಡಗೆರೆ, ಗುಳಿಗೆ ತಪ್ಪದ ತಿಂಗಳಿಗೆ. ಮುಂದಿನ ರಕ್ತ ದಸರಾ ಮುಗಿದ ವಾರ.